ಕೋಟೆ ಬಾಗಿಲಿನ ಕೂಗು

ಐದನೇ ತಿಂಗಳು, ಒಂದು

ದೊರೆಗಳೆಲ್ಲ ಕೋಟೆಗೆ, ದೊರೆಗಳ ದೊರೆ ಶೋಗುನ್ನರ ದರ್ಶನಕ್ಕೆ ಬರುವ ದಿನ. ನಲವತ್ತೊಂದು ಸವಾರಿ ಒಳಗೆ ಹೋದವು. ಒಂದನ್ನೂ ಗುರುತಿಸಲು ನಾನು ತಪ್ಪಲಿಲ್ಲ. ಸೇತುವೆಯ ಆಚೆ ತುದಿಯಲ್ಲಿ ಭರ್ಜಿಯ ತುದಿಗೆ ಹಾಕಿದ ಟೊಪ್ಪಿಗೆ ಕಂಡರೆ ಸಾಕು — ಕರಡಿ ಚರ್ಮವೋ, ಹುಂಜದ ಗರಿಯೋ — ಯಾವ ಮನೆತನ ಅಂತ ಹೇಳಿಬಿಡುತ್ತೇನೆ. ಶೋಗುನ್ನರ ರಕ್ತಸಂಬಂಧಿಗಳಾದರೆ "ಕೆಳಗೇ" ಎಂದು ನಾನು ಕೂಗಬೇಕು. ಬಾಗಿಲು ಕಾಯುವ ಚೌಕಿಯವರೆಲ್ಲ ಜಗಲಿಯಿಂದ ಇಳಿದು ನೆಲಕ್ಕೆ ಹಣೆ ಹಚ್ಚುತ್ತಾರೆ. ಉಳಿದ ದೊರೆಗಳಿಗೆ ಕೂತಲ್ಲೇ ಸಣ್ಣ ನಮಸ್ಕಾರ.

ಈ ಬಾಗಿಲಲ್ಲಿ ಕೂಗಲು ನಿಂತು ಇಪ್ಪತ್ತೆಂಟು ವರ್ಷವಾಯಿತು. ಕಾಲಾಳಿನ ಮಗ ನಾನು. ಎಡೋ ಪಟ್ಟಣದಲ್ಲಿ ಇಂಥ ಕಣ್ಣು ಇನ್ನೊಂದಿದ್ದರೆ ಯಾರಾದರೂ ತೋರಿಸಲಿ.

ಚೌಕಿಗೆ ಹೊಸ ನಾಯಕ ಬಂದಿದ್ದಾನೆ. ಮುರೋಗ. ಇಪ್ಪತ್ತೆರಡರ ಪ್ರಾಯ, ದೊಡ್ಡ ಮನೆತನ, ಮೂಗು ಆಕಾಶದಲ್ಲಿ.

ಹದಿನೈದು

ಬೆಳಗಿನಿಂದ ಜಡಿಮಳೆ. ಭರ್ಜಿಗಳಿಗೆಲ್ಲ ಎಣ್ಣೆಕಾಗದದ ಗವಸು. ಮುದ್ರೆ ಇಲ್ಲ, ಬಣ್ಣ ಇಲ್ಲ. ಒಂದು ಸವಾರಿ ಸೇತುವೆ ಹತ್ತಿತು. ನೋಡಿದೆ. "ಕೆಳಗೇ" ಎಂದೆ.

ಮುರೋಗ ಅಲ್ಲಾಡಲಿಲ್ಲ. "ಗವಸಿನೊಳಗೆ ಏನಯ್ಯಾ ಕಾಣುತ್ತೆ ನಿಂಗೆ? ಯಾವನೋ ಮೂಲೆಯ ದೊರೆಗೆ ನಾನು ಕೆಸರಲ್ಲಿ ಹೊರಳ್ಬೇಕಾ?"

"ಹಯಾಸೆ ಮನೆಯವರು, ಬುದ್ಧಿ. ಶೋಗುನ್ನರ ಚಿಕ್ಕಪ್ಪನ ಮನೆ. ಇಳೀರಿ."

ಇಳಿಯಲಿಲ್ಲ. ಅವನ ಮುಖ ನೋಡಿ ಉಳಿದವರೂ ಇಳಿಯಲಿಲ್ಲ. ನಾನೊಬ್ಬನೇ ಕೆಸರಿಗೆ ಹಣೆ ಹಚ್ಚಿದೆ. ಪಲ್ಲಕ್ಕಿ ಎದುರಿಗೆ ಬಂದಾಗ ಬಾಗಿಲ ಮೇಲೆ ಹಯಾಸೆ ಮುದ್ರೆ ಎಲ್ಲರಿಗೂ ಕಂಡಿತು. ಅಷ್ಟು ಹೊತ್ತಿಗೆ ತಡವಾಗಿತ್ತು.

ಹದಿನಾರು

ಹಯಾಸೆಯವರಿಂದ ದೂರು ಹೋಗಿದೆ. ಮುರೋಗ ನನ್ನ ಮನೆಗೇ ಬಂದ. ಕೂರಲಿಲ್ಲ.

"ನೀನು ಕೂಗಲಿಲ್ಲ ಅಂತ ಬರ್ಕೊಡು. ವಯಸ್ಸಾಯ್ತು, ಕಣ್ಣು ಮಂಜು ಅಂತ ನಿನ್ನನ್ನ ಮನೆಗೆ ಕಳಿಸ್ತಾರೆ, ಅಷ್ಟೇ. ಇಲ್ದಿದ್ರೆ ನನ್ನ ಮನೆತನಾನೇ ಮುಳುಗುತ್ತೆ. ಉಳಿದವರ ಬಾಯಿ ನಾನು ನೋಡ್ಕೋತೀನಿ."

ಕಣ್ಣು ಮಂಜಂತೆ! ಮೈಯೆಲ್ಲ ಉರಿಯಿತು. ಬರೆಯಲಾರೆ ಬುದ್ಧಿ ಎಂದೆ. ಹೋದ.

ನನ್ನ ಹೆಂಡತಿ ಒಹಿಸ ಒಲೆ ಮುಂದಿನಿಂದಲೇ ಅಂದಳು, "ಕಟ್ಟಿಕೊಂಡ ಹೆಂಡ್ತಿ ಗುರುತೇ ಮಳೇಲಿ ಸಿಗಲ್ಲ ನಿಮಗೆ. ಹಯಾಸೆ ಭರ್ಜಿ ಗುರುತು ಸಿಕ್ತಂತೆ."

"ನೀನು ಸವಾರಿಯಲ್ಲಿ ಬಾ, ನೋಡೋಣ," ಎಂದೆ. ನಕ್ಕಳು.

ಹತ್ತೊಂಬತ್ತು

ವಿಚಾರಣೆ. ಚೌಕಿಯವರೆಲ್ಲ ಕೂಗು ಕೇಳಲೇ ಇಲ್ಲ ಎಂದರು. ತನಿಖೆಯ ಅಧಿಕಾರಿ ನನ್ನ ಕಡೆ ತಿರುಗಿದರು.

"ಯೊಹೆ, ಗವಸು ಹಾಕಿತ್ತು. ನಿಂಗೆ ಏನು ಕಂಡಿತು?"

ಗಾಳಿಗೆ ಗವಸು ಹಾರಿತು ಅಂದಿದ್ದರೆ ಮುಗಿಯುತ್ತಿತ್ತು. ಹಾರಿರಲಿಲ್ಲವಲ್ಲ.

"ಕಾಲು ಕಂಡಿತು, ಸ್ವಾಮಿ. ಹಯಾಸೆ ಭರ್ಜಿಯಾಳು ಬಲಗಾಲು ಒಗೆದು, ಒಂದು ಕ್ಷಣ ತಡೆದು ಊರ್ತಾನೆ. ಒಂದೊಂದು ಮನೆಗೂ ಒಂದೊಂದು ನಡಿಗೆ."

ಎಲ್ಲರೂ ನಕ್ಕರು. ಅಧಿಕಾರಿ ನಗಲಿಲ್ಲ. "ಹಾಗಾದ್ರೆ ನಡಿಗೆ ನೋಡಿ ಗುರುತಿಸಿ ತೋರ್ಸು. ತಪ್ಪಿದ್ರೆ ಕೆಲಸಾನೂ ಹೋಗುತ್ತೆ, ಸುಳ್ಳುಗಾರ ಅನ್ನೋ ಹೆಸರೂ ನಿಲ್ಲುತ್ತೆ."

ಇಪ್ಪತ್ತಮೂರು, ಮಧ್ಯಾಹ್ನ

ಈಗಷ್ಟೇ ಬಂದೆ. ಬಂದವನೇ ಬರೆಯಲು ಕೂತೆ.

ವಿಚಾರಣೆಯ ಅಂಗಳದ ಆ ತುದಿಯಲ್ಲಿ ಭರ್ಜಿಯಾಳುಗಳಂತೆ ಐದು ಜನ. ಐವರಿಗೂ ಹುಲ್ಲಿನ ಮಳೆಯಂಗಿ, ಮುಖ ಮುಚ್ಚುವ ಟೊಪ್ಪಿ, ಗವಸು ಹಾಕಿದ ಭರ್ಜಿ. ಒಬ್ಬೊಬ್ಬರಾಗಿ ನಡೆದರು. ಮೊದಲ ನಾಲ್ಕು ಮನೆತನ ಉಸಿರು ಬಿಡುವಷ್ಟರಲ್ಲಿ ಹೇಳಿದೆ. ಗವಸು ತೆಗೆಸಿದರು. ನಾಲ್ಕೂ ಸರಿ.

ಐದನೆಯವನು ಹೊರಟ. ಭರ್ಜಿ ನೆಟ್ಟಗಿತ್ತು. ಹೆಜ್ಜೆ ಮಾತ್ರ ಎಡಕ್ಕೆ ಭಾರ.

"ಇವರು ಭರ್ಜಿ ಹೊತ್ತವರಲ್ಲ, ಸ್ವಾಮಿ. ಚಿಕ್ಕಂದಿನಿಂದ ಎಡಸೊಂಟಕ್ಕೆ ಎರಡು ಕತ್ತಿ ಕಟ್ಟಿದವರು. ನಮ್ಮ ನಾಯಕರು."

ಟೊಪ್ಪಿ ತೆಗೆದರು. ಮುರೋಗ. ಅಧಿಕಾರಿಯೇ ಅವನನ್ನು ಅಲ್ಲಿ ನಿಲ್ಲಿಸಿದ್ದರಂತೆ. ನೇರ ನನ್ನ ಮುಂದೆ ಬಂದ. ಮುಖ ಸುಣ್ಣದ ಹಾಗೆ.

"ಅವತ್ತು ಈತ ಕೂಗಿದ್ದ. ನಾನೇ ಇಳೀಲಿಲ್ಲ," ಎಂದ, ಅಂಗಳಕ್ಕೆಲ್ಲ ಕೇಳುವ ಹಾಗೆ. ಆಮೇಲೆ ಬಗ್ಗಿದ. ನನಗೆ.

ಎದೆ ಉಬ್ಬಿತು, ಬಚ್ಚಿಡುವುದೇಕೆ. ಆದರೆ ಜನರನ್ನು ಬಗ್ಗಿಸುವುದಷ್ಟೇ ನನಗೆ ಗೊತ್ತು. ನನಗೇ ಒಬ್ಬರು ಬಗ್ಗಿದರೆ ಕೈ ಎಲ್ಲಿಡಬೇಕು, ಮುಖ ಎತ್ತ ತಿರುಗಿಸಬೇಕು, ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಕಲಿಸಲಿಲ್ಲ.