ಒಂದು ಕಾರ್ಡು, ಎರಡು ಸರ್ಕಾರ

ಗುಬ್ಬಿ
18-8-2025, ಸೋಮವಾರ

ಮುದ್ದಿನ ಮಾಲಿನಿಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಕುಣಿಗಲ್‌ನಲ್ಲಿ ನೀನೂ ನಿನ್ನ ಶಾಲೆಯ ಮಕ್ಕಳೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ಗುರುವಾರದಿಂದ ನೀನು ಆರು ಸಲ ಫೋನ್ ಮಾಡಿದೆ, ಆರು ಸಲವೂ ನಾನು "ಕೆಲ್ಸ ಆಯ್ತು, ಆಮೇಲ್ ಹೇಳ್ತೀನಿ" ಅಂತ ಇಟ್ಟುಬಿಟ್ಟೆ. ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದ್ದೇ ಮರೆಯುತ್ತೇನೆ. ಏಳನೇ ಕ್ಲಾಸು ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ ಅಂತ ನಿನ್ನ ಹಳೇ ನೋಟ್‌ಬುಕ್ಕಿನ ಹಾಳೆ ಕಿತ್ತುಕೊಂಡು ಕೂತಿದ್ದೇನೆ. ಮೂರು ದಿನದಿಂದ ಬರೆಯುವುದೂ ಹರಿಯುವುದೂ ಆಗಿದೆ.

ನಿನ್ನ ದೊಡ್ಡಪ್ಪ ಬೀಡಿ ಸೇದುವುದು ಬಿಟ್ಟು ಹನ್ನೊಂದು ವರ್ಷವಾದರೂ ಊಟವಾದ ಮೇಲೆ ಇನ್ನೂ ಜೇಬು ತಡಕುತ್ತಾರೆ. ಅದಕ್ಕೇ ಅಲ್ಲಿ ಕೊಬ್ಬರಿ ಚೂರು ಹಾಕಿಟ್ಟಿರುತ್ತೇನೆ. ಈಗ ಹಲ್ಲು ನೋವು ಅಂತ ನನ್ನ ಮೇಲೇ ದೂರು.

ಕೋರ್ಟಿನ ವಿಷಯಕ್ಕೆ ಬರುತ್ತೇನೆ. ಹೊಗೆಸೊಪ್ಪಿನ ಪುಡಿಯಿಂದ ಎದೆ ಕೆಟ್ಟವರ ಪರವಾಗಿ ನಮ್ಮ ಬೀಡಿ ಸಂಘದವರು ಹಾಕಿದ್ದ ಕೇಸಿನಲ್ಲಿ ಬೀಡಿ ಕಂಪನಿಯವರು ಕೊನೆಗೂ ರಾಜಿಯಾಗಿ ದುಡ್ಡು ಕಟ್ಟಿದರು, ಅದು ನಿನಗೆ ಗೊತ್ತು. ಕಟ್ಟಿದ್ದೇ ತಡ, ಇಬ್ಬರು ನೆಂಟರು ಹಾಜರಾದರು. ಇವರನ್ನು ನಮ್ಮ ಆಸ್ಪತ್ರೆಯಲ್ಲಿ ನೋಡಿಕೊಂಡೆವು, ದುಡ್ಡು ನಮಗೆ ಬರಬೇಕು ಅಂತ ರಾಜ್ಯ ಸರ್ಕಾರ. ಬೀಡಿ ಕಾರ್ಮಿಕರ ದವಾಖಾನೆ ನಮ್ಮದು, ಔಷಧಿಯೂ ನಮ್ಮದು ಅಂತ ಕೇಂದ್ರ ಸರ್ಕಾರ. ಕೆಮ್ಮಿದವರೂ ಅವರ ಮನೆಯವರೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಯಾರನ್ನು ಯಾರು ನೋಡಿಕೊಂಡರು ಅಂತ ತಿಳಿಯುವುದಕ್ಕೆ ಜಡ್ಜ್ ಸಾಹೇಬರು ರೋಗಿಗಳ ಹೆಸರು ಒಂದೊಂದಾಗಿ ಹಿಡಿದು ವಿಚಾರಣೆ ಮಾಡುತ್ತಿದ್ದರು.

ನಿಮ್ಮಮ್ಮನ ಹೆಸರಿಗೆ ಬಂದಾಗ ತಕರಾರು ಎದ್ದಿತು. ರಾಜ್ಯದವರ ಪಟ್ಟಿಯಲ್ಲಿ ಗಂಗಾಂಬಿಕೆ ಅಂತ ಇದೆ, ಅವರ ಆಸ್ಪತ್ರೆಯಲ್ಲೇ ಅವಳು ತೀರಿಕೊಂಡದ್ದು. ಆಕೆಗೆ ಕಾರ್ಡೇ ಇರಲಿಲ್ಲ, ಬೀಡಿ ಕಾರ್ಮಿಕಳೇ ಅಲ್ಲ ಅಂತ ಕೇಂದ್ರದ ವಕೀಲರು. ಅವರ ಪಟ್ಟಿಯಲ್ಲಿ ಇದ್ದದ್ದು ಹೊಂಬಾಳಮ್ಮ, ನಾಲ್ಕು ವರ್ಷ ಎದೆರೋಗಕ್ಕೆ ಔಷಧಿ ತಗೊಂಡವಳು. ಅಂದರೆ ನಾನು. ನನಗೆ ನೆಗಡಿ ಬಿಟ್ಟು ಇನ್ನೇನೂ ಬಂದದ್ದಿಲ್ಲ ಅಂತ ನಿನಗೇ ಗೊತ್ತು.

ಆಗ ಮನೆಗೆ ಒಂದೇ ಕಾರ್ಡು ಕೊಡುತ್ತಿದ್ದರು. ಎಷ್ಟು ಕೈ ಕೆಲಸ ಮಾಡಿದರೂ ಕಟ್ಟಿದ ಬೀಡಿಯೆಲ್ಲ ಆ ಒಂದು ಹೆಸರಿಗೇ. ದೊಡ್ಡವಳು ಅಂತ ನನ್ನ ಹೆಸರಿಗೆ ಮಾಡಿಸಿದರು. ನಾನು ಎಲೆ ಕತ್ತರಿಸುತ್ತಿದ್ದೆ, ಗಂಗ ಪುಡಿ ತುಂಬಿ ಸುತ್ತುತ್ತಿದ್ದಳು. ಅವಳ ಕೈ ಓಡುತ್ತಿದ್ದ ಹಾಗೆ ಈ ಗುಬ್ಬಿಯಲ್ಲಿ ಯಾರ ಕೈಯೂ ಓಡುತ್ತಿರಲಿಲ್ಲ. ಕೆಮ್ಮು ಶುರುವಾದಾಗ ಕಾರ್ಡಿಲ್ಲದವರಿಗೆ ದವಾಖಾನೆಯಲ್ಲಿ ಔಷಧಿ ಇಲ್ಲ ಅಂದರು. ನನ್ನ ಕಾರ್ಡು ಕೊಟ್ಟು ಕಳಿಸಿದೆ. ಫೋಟೋ ಮಸುಕಾಗಿತ್ತು, ಸಾಲದ್ದಕ್ಕೆ ಅಕ್ಕತಂಗಿಯರದು ಒಂದೇ ಥರದ ಮುಖ, ಯಾರೂ ಕೇಳಲಿಲ್ಲ.

ಗುರುವಾರ ತುಮಕೂರಿನ ಕೋರ್ಟಿನ ಮೆಟ್ಟಿಲ ಮೇಲೆ ನಮ್ಮ ಸಂಘದ ವಕೀಲ ಬಸವರಾಜ್ ಮೆಲ್ಲಗೆ ಹೇಳಿದರು: "ಅಮ್ಮ, ನಿಜ ಹೇಳಿದ್ರೆ ಕಾರ್ಡು ಇನ್ನೊಬ್ರಿಗೆ ಕೊಟ್ಟಿದ್ದು ತಪ್ಪಾಯ್ತದೆ. ನಿಮ್ ಪಿಂಚಣಿ ನಿಂತ್ರೂ ನಿಲ್ಬೋದು. ಔಷಧಿ ತಗೊಂಡವ್ಳು ನಾನೇ ಅಂತ ಸುಮ್ನೆ ಹೂಂ ಅಂದ್ರೆ ರೋಗಿ ಪಾಲು ನಿಮ್ಗೇ ಬರ್ತದೆ. ಆದ್ರೆ ಗಂಗಾಂಬಿಕೆ ಹೆಸ್ರು ಹೊಡೆದಾಕ್ತಾರೆ."

ನಾನು ದೊಡ್ಡಪ್ಪನ ಮುಖ ನೋಡಿದೆ. ಮನೆಯಲ್ಲಿ ಪಿಂಚಣಿ ಬರುವುದು ಅದೊಂದೇ. ಅವರು "ಹೋದ್ರೆ ಹೋಗ್ಲಿ ಬುಡು. ಅವ್ರಮ್ಮ ಏನ್ ಕೆಲ್ಸ ಮಾಡ್ತಿದ್ಲು ಅನ್ನೋದು ಆ ಮಗೀಗೆ ಕಾಗ್ದದ ಮೇಲಾದ್ರೂ ಸಿಗ್ಲಿ" ಅಂದರು. ಇವರನ್ನು ಕಟ್ಟಿಕೊಂಡು ನಲವತ್ತು ವರ್ಷವಾಯಿತು, ಇಷ್ಟು ಒಳ್ಳೆಯ ಮಾತು ಆಡಿದ್ದು ಇದೇ ಮೊದಲು.

ಒಳಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾರ್ಡು ನಂದು, ಕಾಯಿಲೆ ತಂಗೀದು, ನಿಮ್ಮಿಬ್ಬರ ಪಟ್ಟಿಯಲ್ಲಿರುವ ಇಬ್ಬರೂ ಒಬ್ಬಳೇ. ಎರಡೂ ಕಡೆಯ ವಕೀಲರು ಒಟ್ಟಿಗೆ ಎದ್ದು ನಿಂತರು. ಜಡ್ಜ್ ಸಾಹೇಬರು "ಇದಕ್ಕೆ ಸಾಕ್ಷಿ ಏನಮ್ಮ?" ಅಂದರು. ದವಾಖಾನೆಯ ಪುಸ್ತಕ ತೋರಿಸಿ ಅಂದೆ. ಹೊಂಬಾಳಮ್ಮ ಅನ್ನುವ ಹೆಸರಿನ ಮುಂದೆ ನಾಲ್ಕು ವರ್ಷವೂ ಹೆಬ್ಬೆಟ್ಟಿನ ಗುರುತು.

"ಸ್ವಾಮಿ, ನಾನ್ ಏಳ್ನೇ ಕ್ಲಾಸ್ ಓದಿದೀನಿ. ಕಾರ್ಡಲ್ಲಿ ನನ್ ಸೈನಿದೆ ನೋಡಿ. ಹೆಬ್ಬೆಟ್ ಯಾಕ್ ಒತ್ಲಿ?" ಅಂದೆ.

ಆಸ್ಪತ್ರೆಗೆ ಸೇರಿಸುವಾಗ ಗಂಗ ಒತ್ತಿದ್ದ ಹೆಬ್ಬೆಟ್ಟು ರಾಜ್ಯದವರ ಕಡತದಲ್ಲಿತ್ತು. ತಜ್ಞರನ್ನು ಕರೆಸಿ ಹೋಲಿಸಿ ನೋಡಿದರು. ಊಟ ಮುಗಿಸಿ ಬರುವಷ್ಟರಲ್ಲಿ ಎರಡೂ ಒಂದೇ ಅಂತ ಆಯಿತು. ಗಂಗಾಂಬಿಕೆ ಬೀಡಿ ಕಾರ್ಮಿಕಳು, ಆಕೆಯ ಪಾಲು ಮಗಳು ಮಾಲಿನಿಗೆ, ಅದನ್ನು ಎರಡು ಸರ್ಕಾರಗಳೂ ಮುಟ್ಟುವಂತಿಲ್ಲ ಅಂತ ಬರೆಸಿದರು. ಕಾರ್ಡಿನ ವಿಷಯ ಇಷ್ಟು ಹಳೆಯದಾದ ಮೇಲೆ ಕೆದಕುವುದು ಬೇಡ ಅಂದರು, ನನ್ನ ಪಿಂಚಣಿಯೂ ಉಳಿಯಿತು. ಉಳಿದ ದುಡ್ಡಿಗೆ ಆ ಇಬ್ಬರೂ ಮೇಲಿನ ಕೋರ್ಟಿಗೆ ಹೋಗುತ್ತಾರಂತೆ. ಹೋಗಲಿ, ಅವರಿಗೂ ಹೊತ್ತು ಹೋಗಬೇಕಲ್ಲ.

ಹೊರಗೆ ಬಂದು ದೊಡ್ಡಪ್ಪ ಎರಡು ಮಸಾಲೆ ದೋಸೆ ಕೊಡಿಸಿದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ನನಗೆ ತುಂಬಾ ಸಂತೋಷವಾಗಿದೆ ಮಾಲಿನಿ. ಆರ್ಡರಿನ ನಕಲು ಇದರ ಜೊತೆ ಇಟ್ಟಿದ್ದೇನೆ. ಮೂರನೇ ಪುಟದಲ್ಲಿ ನಿಮ್ಮಮ್ಮನ ಹೆಸರಿದೆ, ನೋಡು.

ನಿನ್ನ ಕೈಯಲ್ಲಿ ಕಲಿತ ಮಕ್ಕಳೆಲ್ಲ ನಿನ್ನ ಹೆಸರು ಹೇಳುವಂತಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ
ದೊಡ್ಡಮ್ಮ
ಹೊಂಬಾಳಮ್ಮ

ಮರೆತ ಮಾತು: ಮರೆತದ್ದಲ್ಲ, ಮೂರು ದಿನ ಹಾಳೆ ಹರಿದದ್ದು ಇದಕ್ಕೇ. ಎರಡನೇ ವರ್ಷ ದವಾಖಾನೆಯ ಡಾಕ್ಟರು ಗಂಗನ ಕೈಗೆ ಒಂದು ಚೀಟಿ ಬರೆದುಕೊಟ್ಟಿದ್ದರು. ಆರು ತಿಂಗಳು ಹೊಗೆಸೊಪ್ಪು ಮುಟ್ಟಕೂಡದು, ಮುಟ್ಟಿದರೆ ಉಳಿಯುವುದು ಕಷ್ಟ ಅಂತ. ಚೀಟಿ ಇದ್ದದ್ದು ನನ್ನ ಹೆಸರಿಗೆ. ಬೀಡಿ ಕೆಲಸ ಕೊಡುವ ಕಂಟ್ರಾಕ್ಟರಿಗೆ ತೋರಿಸಿದರೆ ಕಾರ್ಡು ವಾಪಸ್ ತಗೊಳ್ಳುತ್ತಾರೆ ಅಂತ ನನಗೆ ಭಯ. ಅವಳಿಗೆ ಓದು ಬರುತ್ತಿರಲಿಲ್ಲ. "ಏನ್ ಬರ್ದವ್ರೆ ಅಕ್ಕ?" ಅಂದಳು. "ಮಾತ್ರೆ ತಪ್ಪಿಸ್ಬೇಡ ಅಂತ ಬರ್ದವ್ರೆ ಕಣೇ" ಅಂದೆ. ಅವಳು ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಕೋರ್ಟಿನಲ್ಲಿ ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ರತಿ ವಾರದ ಹಾಗೆ ಈ ಭಾನುವಾರ ನೀನು ಬರದಿದ್ದರೆ ನಾನು ತಪ್ಪು ತಿಳಿಯುವುದಿಲ್ಲ.