ಅತ್ತೆಯ ಅಂಗಳದಲ್ಲಿ ಇಳಿಸಿದ ತೊಡೆ

ಕಪುಂಡು ಊರು, ಲುವಾಂಗ್ವಾ ಹೊಳೆಯ ಪೂರ್ವದ ದಡ
18 ಸೆಪ್ಟೆಂಬರ್ 1996, ಬುಧವಾರ

ಪ್ರೀತಿಯ ಅಕ್ಕ ಮಲಿಟಾ,

ಅದಕ್ಕೇ ನಾನು ಹೇಳಿದ್ದು, ಮೊಣಕಾಲಿಗೆ ಹೆಬ್ಬಾವಿನ ಕೊಬ್ಬು ತಿಕ್ಕಿದರೆ ಪ್ರಯೋಜನವಿಲ್ಲ, ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳಬೇಕು ಎಂದು. ಕೊಬ್ಬು ಮಾರಿದವನ ಮೊಣಕಾಲು ಹೇಗಿದೆ ಎಂದು ನೀನು ಮೊದಲು ನೋಡಬೇಕಿತ್ತು. ಈಗ ಹೇಗಿದ್ದೀಯೆ? ಕಬ್ವೆಯ ಧೂಳಿಗೆ ಕೆಮ್ಮು ಹೆಚ್ಚಿತೋ? ಮಗಳ ಮನೆಯಲ್ಲಿ ನಿನ್ನನ್ನು ಒಲೆಯ ಮುಂದೆ ನೆಲದ ಮೇಲೆ ಕೂರಲು ಬಿಡುತ್ತಾರೋ, ಇಲ್ಲ ದಿನವಿಡೀ ಕುರ್ಚಿಯಲ್ಲೇ ಇಟ್ಟಿರುತ್ತಾರೋ? ಕುರ್ಚಿಯಲ್ಲಿ ಕೂತರೆ ಮೊಣಕಾಲು ಇನ್ನೂ ಬಿಗಿಯುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿಲ್ಲ, ನಮ್ಮ ಬೇಟೆ ಕ್ಯಾಂಪಿಗೆ ಬರುವ ಬಿಳಿಯರನ್ನು ನೋಡಿ ಕಲಿತದ್ದು. ಜೀಪಿನಲ್ಲಿ ಕೂತೇ ಬೇಟೆಗೆ ಬರುತ್ತಾರೆ, ಇಳಿದು ಹತ್ತು ಹೆಜ್ಜೆ ಹಾಕಿದರೆ ಸೊಂಟ ಹಿಡಿದುಕೊಳ್ಳುತ್ತಾರೆ. ನಾನು ಚೆನ್ನಾಗಿದ್ದೇನೆ. ಹಲ್ಲು ಇನ್ನೊಂದು ಹೋಯಿತು. ಮೆತ್ತಗಿನ ನ್ಶಿಮಾ ಮುದ್ದೆ ನುಂಗಲು ಹಲ್ಲು ಬೇಡ, ಹಾಗಾಗಿ ದುಃಖವಿಲ್ಲ.

ನನ್ನವಳು ಜೆಲಿಪಾ ತೀರಿಹೋಗಿ ಹದಿನಾಲ್ಕು ತಿಂಗಳಾಯಿತು. ನನ್ನ ಮಣಿಗಂಟು ಇನ್ನೂ ಬರಿದಾಗಿದೆ. ಅವಳ ಕಡೆಯವರು ಅದಕ್ಕೊಂದು ಬಿಳಿ ಮಣಿಯ ದಾರ ಕಟ್ಟಿ, ಹಣೆಗೆ ಹಿಟ್ಟು ಹಚ್ಚಿ, "ಹೋಗು, ಅವಳ ನೆರಳು ನಿನ್ನ ಬೆನ್ನು ಬಿಟ್ಟಿದೆ" ಎನ್ನುವವರೆಗೂ ನಾನು ಇಲ್ಲಿಂದ ಕದಲುವಂತಿಲ್ಲ. ಕದ್ದು ಬಂದರೂ ನಮ್ಮೂರಿನಲ್ಲಿ ಯಾರೂ ನನಗೆ ಒಲೆಯ ಕೆಂಡ ಕೊಡುವುದಿಲ್ಲ. ನೀನು ಅಲ್ಲಿದ್ದರೆ ಮೊದಲು ಕೊಡದವಳು ನೀನೇ ಆಗಿರುತ್ತೀಯೆ, ನನಗೆ ಗೊತ್ತು. ಅವಳ ಅಣ್ಣ ಯೊಟಾಮು ಭಾವ ಊರಿನ ಯಜಮಾನ. ಅವನು ಹೂಂ ಅಂದರೆ ಒಂದು ಬೆಳಗಿನ ಕೆಲಸ. ಹೋದ ವರ್ಷ ಕೇಳಿದಾಗ ಜೋಳ ಸರಿಯಾಗಿ ಬಂದಿಲ್ಲ ಎಂದ. ಮಳೆ ಕಳೆದ ಮೇಲೆ ಕೇಳಿದರೆ ಊರಿನಲ್ಲಿ ಸಾವಾಗಿದೆ ಎಂದ. ನಿಜವಾದ ಕಾರಣ ಊರಿನ ಕೋಳಿಗಳಿಗೂ ಗೊತ್ತು. ನನ್ನಂತೆ ಕ್ಯಾಂಪಿನಲ್ಲಿ ಜಾಡು ಹಿಡಿಯುವವನು ಯಾವ ಊರಿನಲ್ಲಿ ಮಲಗುತ್ತಾನೋ ಬೇಟೆಯ ಮಾಂಸ ಹಂಚುವ ಲಾರಿ ಮೊದಲು ಆ ಊರಿಗೆ ಬರುತ್ತದೆ. ನಾನು ಹೊಳೆ ದಾಟಿ ನಮ್ಮೂರಿಗೆ ಹೋದರೆ ಲಾರಿಯೂ ನನ್ನ ಹಿಂದೆ ಹೊಳೆ ದಾಟುತ್ತದೆ.

ಇರಲಿ, ಕಳೆದ ಶುಕ್ರವಾರದ ವಿಷಯಕ್ಕೆ ಬರುತ್ತೇನೆ. ಅತಿಥಿಯ ಹೆಸರು ಓಟ್ಮಾರ್. ಆಸ್ಟ್ರಿಯಾ ದೇಶದವನು, ಅರವತ್ತು ದಾಟಿದ್ದಾನೆ, ಉದ್ದ ಕಿವಿ. ಅವನ ಇಂಗ್ಲಿಷೂ ನನ್ನದರ ಹಾಗೆ ಕುಂಟುತ್ತದೆ, ಅದಕ್ಕೇ ನಮ್ಮಿಬ್ಬರ ಮಾತು ಚೆನ್ನಾಗಿ ನಡೆಯಿತು. ಅವನು ಮೊದಲ ಗುಂಡನ್ನು ಪ್ರಾಣಿಯ ಹೆಗಲಿಗಿಂತ ತುಂಬಾ ಹಿಂದಕ್ಕೆ ಹೊಡೆದುಬಿಟ್ಟ. ಮುದಿ ಕಾಡುಕೋಣ, ಗುಂಪು ಬಿಟ್ಟ ಒಂಟಿ. ರಕ್ತ ಕಪ್ಪಗಿತ್ತು, ಅದರಲ್ಲಿ ಹಸಿರು ಮೇವಿನ ಚೂರಿತ್ತು. ಹೊಟ್ಟೆಗೆ ಬಿದ್ದ ಗುಂಡು. ಅಂಥ ಪ್ರಾಣಿ ಬೇಗ ಸಾಯುವುದೂ ಇಲ್ಲ, ಮರೆಯುವುದೂ ಇಲ್ಲ. ಕ್ಯಾಂಪಿನ ಸಾಹೇಬ ಒಂದು ಗಂಟೆ ಕಾಯೋಣ ಎಂದ. ನಾವು ಹುತ್ತದ ನೆರಳಿನಲ್ಲಿ ಕೂತೆವು. ಓಟ್ಮಾರ್ ಉಳಿದ ಗುಂಡುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ಹೆದರಿಕೆ ಅಂದುಕೊಂಡೆ. ಆಮೇಲೆ ಅವನೇ ಹೇಳಿದ, ಹೆಂಡತಿ ಫೆಬ್ರವರಿಯಲ್ಲಿ ತೀರಿಕೊಂಡಳಂತೆ. ಈ ಬೇಟೆಗೆ ಇಬ್ಬರ ಹೆಸರಿನಲ್ಲೂ ಹಣ ಕಟ್ಟಿದ್ದರಂತೆ, ಅವಳು ಫೋಟೋ ತೆಗೆಯಬೇಕಿತ್ತಂತೆ. ನಾನು ನನ್ನ ಎದೆಗೆ ಬೆರಳು ತೋರಿಸಿ, "ಮಿ ಆಲ್ಸೊ" ಎಂದೆ. ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಸಾಹೇಬ ಅತ್ತ ತಿರುಗಿ ಸಿಗರೇಟು ಹಚ್ಚಿದ.

ಕೋಣ ಸುತ್ತು ಹಾಕಿ ತನ್ನ ಜಾಡಿನ ಪಕ್ಕದಲ್ಲೇ ನಮಗಾಗಿ ಕಾದಿತ್ತು. ಹೆಜ್ಜೆ ಎಡಕ್ಕೆ ಬಾಗಿದ್ದು ನೋಡಿ ನಾನು ನಿಂತೆ, ಕೈ ಎತ್ತಿದೆ. ಅಷ್ಟರಲ್ಲಿ ಪೊದೆಯೇ ಎದ್ದು ಬಂದಂತಾಯಿತು. ಓಟ್ಮಾರ್ ಓಡಲಿಲ್ಲ. ಇದನ್ನು ನಾನು ಯಾರ ಮುಂದಾದರೂ ಹೇಳುತ್ತೇನೆ. ನನ್ನ ಹೆಗಲ ಪಕ್ಕದಿಂದ ಹೊಡೆದ, ಕೋಣ ನಮ್ಮಿಂದ ಆರು ಹೆಜ್ಜೆ ದೂರದಲ್ಲಿ ಮೂತಿ ಊರಿ ಬಿತ್ತು. ನನ್ನ ಬಲಗಿವಿ ಇವತ್ತಿಗೂ ಗುಂಯ್ ಎನ್ನುತ್ತಿದೆ. ಅದು ಬಿದ್ದ ಮೇಲೆ ಅವನು ನನ್ನ ಎರಡೂ ಕೈ ಹಿಡಿದು, ಇವತ್ತಿನ ಮಾಂಸವನ್ನು ಲಾರಿಯಲ್ಲಿ ಕಳಿಸುವುದು ಬೇಡ, ನಾನೇ ನಿನ್ನ ಮನೆಗೆ ಹೊತ್ತು ತರುತ್ತೇನೆ, ನಿನ್ನ ಜನರ ಜೊತೆ ಕೂರುತ್ತೇನೆ ಎಂದ. ಸಾಹೇಬನಿಗೂ ಖುಷಿ. ಅತಿಥಿಗಳು ಊರಿನವರ ಜೊತೆ ಬೆರೆತರೆ ಕ್ಯಾಂಪಿಗೆ ಒಳ್ಳೆಯ ಹೆಸರು ಬರುತ್ತದೆಯಂತೆ.

ಹಿಂಗಾಲಿನ ತೊಡೆಯನ್ನು ಕೋಲಿಗೆ ಕಟ್ಟಿ, ಮುಂದಿನ ತುದಿ ನನ್ನ ಹೆಗಲಿಗೆ, ಹಿಂದಿನದು ಅವನ ಹೆಗಲಿಗೆ. ಊರಿನ ಬಾಯಲ್ಲಿ ಜೀಪು ಇಳಿದು ಹಾಗೆ ಹೊತ್ತುಕೊಂಡೆವು. ಹೆಂಗಸರು ಕುಟ್ಟುವ ಒನಕೆ ಬಿಟ್ಟು ಬಂದು ನಿಂತರು. ಬಿಳಿಯನೊಬ್ಬ ಹೆಗಲ ಮೇಲೆ ಮಾಂಸ ಹೊತ್ತದ್ದನ್ನು ಈ ಊರು ಕಂಡಿರಲಿಲ್ಲ. ಒಬ್ಬಳು, "ಡಾಮಿಯಾನೊ ಕೊನೆಗೂ ಒಬ್ಬ ಆಳನ್ನ ಇಟ್ಕೊಂಡ ನೋಡ್ರೆ" ಎಂದಳು, ಎಲ್ಲರೂ ನಕ್ಕರು, ಓಟ್ಮಾರನೂ ನಕ್ಕ. ಎಲ್ಲಿ ನಿನ್ನ ಮನೆ ಎಂದು ಅವನು ಹಿಂದಿನಿಂದ ಕೇಳುತ್ತಲೇ ಇದ್ದ. ಹೆಂಡತಿ ಸತ್ತ ಮೇಲೆ ಅಳಿಯನ ಮನೆ ಅಂತ ಒಂದಿರುವುದಿಲ್ಲ, ಮಲಗುವ ಗುಡಿಸಲು ಮಾತ್ರ, ಮಾಂಸವೆಲ್ಲ ಯಜಮಾನನ ಚಪ್ಪರಕ್ಕೆ ಹೋಗಬೇಕು ಎನ್ನುವುದನ್ನು ಅವನಿಗೆ ಹೇಗೆ ಹೇಳಲಿ? ಕಾಲೇಜಿನ ಎರಡು ವರ್ಷದಲ್ಲಿ ಎಲೆ ಹೇಗೆ ಉಸಿರಾಡುತ್ತದೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದ್ದರು, ಇದನ್ನು ಮಾಡಿಸಿರಲಿಲ್ಲ. ಹೀಗೆ ನಡೆಯುತ್ತ ನಡೆಯುತ್ತ ಮೂವತ್ತೊಂದು ವರ್ಷ ಯಾವ ದಾರಿಯಲ್ಲಿ ತೊಡೆ ಹೊತ್ತು ಹೋಗಿದ್ದೆನೋ ಅದೇ ದಾರಿಯಲ್ಲಿ ಹೋಗಿ ಅತ್ತೆಯ ಅಂಗಳದಲ್ಲಿ ಇಳಿಸಿಬಿಟ್ಟೆ.

ಅಕ್ಕ, ಇನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ಹಿಂಗಾಲಿನ ತೊಡೆ ಅಳಿಯ ಅತ್ತೆಗೆ ಸಲ್ಲಿಸುವ ಪಾಲು. ಹೆಂಡತಿ ಇಲ್ಲದವನು ಅದನ್ನು ಅತ್ತೆಗೆ ತಂದರೆ, ನಾನು ಇನ್ನೂ ಅಳಿಯನೇ, ಚಾಪೆ ಖಾಲಿ ಇದೆ, ಸತ್ತವಳ ತಂಗಿಯನ್ನು ಕೊಟ್ಟು ತುಂಬಿಸಿ ಎಂದು ಬಾಯಿ ಬಿಟ್ಟು ಕೇಳಿದಂತೆ. ಹದಿನಾಲ್ಕು ತಿಂಗಳು ಒಂದು ಪಕ್ಕೆಲುಬನ್ನೂ ಆ ಅಂಗಳಕ್ಕೆ ಕಳಿಸದೆ ಎಚ್ಚರವಾಗಿದ್ದವನು ನಾನು. ಅತ್ತೆ ಒಳಗಿನಿಂದ ಬಂದಳು. ನಾನು ರೂಢಿಯಂತೆ ಮಂಡಿಯೂರಿ, ಮುಖ ಪಕ್ಕಕ್ಕೆ ತಿರುಗಿಸಿದೆ. ಓಟ್ಮಾರ್ ಅವಳ ಕೈಯನ್ನೇ ಹಿಡಿದು ಕುಲುಕಿದ, ಪಾಪ, ಅವನಿಗೇನು ಗೊತ್ತು. ಅವಳು ಕೈ ಬಿಡಿಸಿಕೊಂಡು, ಒಪ್ಪಿಕೊಂಡೆ ಎನ್ನುವಂತೆ ಅಂಗೈ ಬೊಗಸೆ ಮಾಡಿ ಮೂರು ಸಲ ತಟ್ಟಿದಳು. "ಬಂದ್ಯಾ ಅಳಿಯಾ. ತಡ ಮಾಡ್ದೆ" ಎಂದಳು. ಹಿಂದಿನಿಂದ ಹೆಂಗಸರ ಸಂತಸದ ಉಲುಲು ಕೂಗು ಎದ್ದಿತು. ಓಟ್ಮಾರ್ ಅದು ತನಗೆ ಎಂದು ತಿಳಿದು ಟೋಪಿ ಎತ್ತಿದ.

ಅವನು ಕತ್ತಲಾಗುವವರೆಗೆ ಅಲ್ಲೇ ಕೂತ, ನ್ಶಿಮಾವನ್ನು ಕೈಯಲ್ಲಿ ಉಂಡೆ ಕಟ್ಟಿ ತಿಂದ, ಮೂರು ಉಂಡೆ ಬೀಳಿಸಿದ. ಸೋಮವಾರ ಹೊರಟಾಗ ನನ್ನನ್ನು ತಬ್ಬಿಕೊಂಡು, ಮುಂದಿನ ವರ್ಷ ಇದೇ ಮನೆಗೆ ಬರುತ್ತೇನೆ, ಈಗ ನನಗೂ ಇಲ್ಲೊಂದು ಕುಟುಂಬವಿದೆ ಎಂದ. ಒಳ್ಳೆಯ ಮನುಷ್ಯ. ಅವನ ಮೇಲೆ ನನಗೆ ಕೋಪವಿಲ್ಲ.

ಶನಿವಾರ ಬೆಳಿಗ್ಗೆಯೇ ಯೊಟಾಮು ಭಾವನ ಚಪ್ಪರಕ್ಕೆ ಹೋಗಿದ್ದೆ. ಅವನು ಹಲ್ಲು ಕಡ್ಡಿಯಿಂದ ನನ್ನದೇ ಕೋಣದ ನಾರು ತೆಗೆಯುತ್ತಿದ್ದ. ಮಣಿಯ ಮಾತೆತ್ತಿದೆ. "ಹೋಗೋನಿಗೆ ಮಣಿ, ಇರೋನಿಗೆ ಚಾಪೆ. ನೀನೇ ಆರಿಸ್ಕೊಂಡೆ, ಊರೆಲ್ಲ ನೋಡಿದೆ, ಬಿಳಿಯನೂ ಸಾಕ್ಷಿ" ಎಂದ. ಅದು ಕೈತಪ್ಪಿ ಆದದ್ದು ಎನ್ನಲು ಬಾಯಿ ತೆರೆದೆ. "ಅಳಿಯನಿಗೆ ಬಾಯಿ ಎಲ್ಲಿಂದ ಬಂತಯ್ಯಾ? ಹೇಳೋದಿದ್ರೆ ನಿನ್ನ ಅಕ್ಕ ಬಂದು ಹೇಳ್ಲಿ" ಎಂದು ಕಡ್ಡಿ ಎಸೆದ. ಅದು ನ್ಯಾಯವೇ, ನಾನು ಅಲ್ಲಗಳೆಯುವುದಿಲ್ಲ. ಸೋಮವಾರ ಜೋಳ ನೆನೆಸಿದ್ದಾರೆ. ಮೊಳಕೆ ಬಂದು, ಒಣಗಿ, ಕುಟ್ಟಿ, ಹೆಂಡವಾಗುವುದು ಅಕ್ಟೋಬರ್ ಆರರ ಭಾನುವಾರ. ಅಂದು ಹೆಂಡ ಸೋಸಿದ ಮೇಲೆ ಜೆಲಿಪಾಳ ಕೊನೆಯ ತಂಗಿ ಟಿಸೌಕೆಯ ಚಾಪೆಯನ್ನು ನನ್ನ ಗುಡಿಸಲಿನಲ್ಲಿ ಹಾಸುತ್ತಾರೆ. ಅವಳು ನಮ್ಮ ಮದುವೆಯ ದಿನ ಅತ್ತೆಯ ಬೆನ್ನಿನ ಮೇಲಿದ್ದ ಕೂಸು.

ನಿನ್ನೆ ನೀರು ತರುವ ದಾರಿಯಲ್ಲಿ ಅವಳು ಕೊಡ ಇಳಿಸಿ ನನ್ನನ್ನು ತಡೆದಳು. "ಏನ್ ಭಾವ, ಯಜಮಾನನ ಚಪ್ಪರ ಇನ್ನು ಎರಡು ಮನೆ ಆಚೆ ಇತ್ತು. ಅಷ್ಟು ಭಾರ ಆಯ್ತಾ?" ಎಂದಳು. ತಲೆ ತಗ್ಗಿಸಿದೆ. ಹೊಳೆಯಾಚೆ ಮೀನು ಒಣಗಿಸುವ ಒಬ್ಬನಿದ್ದಾನೆ, ಅವಳು ಅವನಿಗೆ ಮಾತು ಕೊಟ್ಟಿದ್ದಾಳೆ. ಇದು ನನಗೆ ಗೊತ್ತಿತ್ತು, ಜೆಲಿಪಾಗೂ ಗೊತ್ತಿತ್ತು. "ನಾನು ಬೇಡ ಅಂದ್ರೆ ಸೊಕ್ಕು ಅಂತಾರೆ, ಹೊಡೀತಾರೆ. ನಿಮ್ಮ ಕಡೆಯವ್ರು ಬೇಡ ಅಂದ್ರೆ ದುಃಖ ಆರಿಲ್ಲ ಅಂದ್ಕೊಂಡು ಸುಮ್ನಾಗ್ತಾರೆ. ನಿಮ್ಮ ಅಕ್ಕಂಗೆ ಬರೀರಿ, ಆ ಇಂಗ್ಲಿಷ್ ಎಲ್ಲ ಬೇಡ, ನೆಟ್ಟಗೆ ಬರೀರಿ" ಎಂದಳು. ಕೊಡ ತಲೆಗೇರಿಸಲು ಕೈಕೊಡಲು ಹೋದೆ, ಅವಳು ತಾನೇ ಎತ್ತಿಕೊಂಡಳು.

ಹಾಗಾಗಿ ನೆಟ್ಟಗೆ ಬರೆಯುತ್ತಿದ್ದೇನೆ. ನಮ್ಮ ಕುಲದ ಇಬ್ಬರು ಗಂಡಸರನ್ನು ಕರೆದುಕೊಂಡು, ಒಂದು ಬಿಳಿ ಕೋಳಿ, ಹಿಡಿ ಹಾಕದ ಹೊಸ ಗುದ್ದಲಿ ಹಿಡಿದು, ಹೆಂಡ ಸೋಸುವ ಮೊದಲು ನೀನು ಯೊಟಾಮುವಿನ ಚಪ್ಪರದಲ್ಲಿ ಕೂತು, ಚಾಪೆ ಬೇಡ, ಮಣಿ ಕಟ್ಟಿ ಎಂದು ಕೇಳಬೇಕು. ಮೊಣಕಾಲಿನ ನೋವು ನನಗೆ ಗೊತ್ತು. ಚಿಪಾಟಾದವರೆಗೆ ಬಸ್ಸಿದೆ; ಅಲ್ಲಿಂದ ಪ್ರತಿ ಗುರುವಾರ ಸಂಜೆ ನಮ್ಮ ಕ್ಯಾಂಪಿನ ಲಾರಿ ಹಿಂದಿರುಗುತ್ತದೆ, ಡ್ರೈವರ್ ಬಿಜೆಕಿ ನಿನ್ನನ್ನು ಮುಂದೆ ಕೂರಿಸಿಕೊಳ್ಳುತ್ತಾನೆ. ಈ ಪತ್ರವನ್ನು ನಾಳೆ ಅಂಚೆಗೆ ಹಾಕುವವನೂ ಅವನೇ. ಮಾಂಸದ ಮಾತು ಬಂದರೆ ನಾನು ಹೊಳೆಯಾಚೆಯಿಂದಲೂ ಲಾರಿಯನ್ನು ಇಲ್ಲಿಗೆ ಮೊದಲು ಕಳಿಸುತ್ತೇನೆ ಎಂದು ಹೇಳು, ಸಾಹೇಬನನ್ನು ನಾನು ಒಪ್ಪಿಸುತ್ತೇನೆ. ಇನ್ನೊಂದು ವಿಷಯ ಹೇಳಬೇಕಿತ್ತು, ಆದರೆ ಬೆಳಕು ಹೋಗುತ್ತಿದೆ, ಈ ಸಾಲು ಸರಿಯಾಗಿ ಕಾಣುತ್ತಿಲ್ಲ, ದೀಪದಲ್ಲಿ ಎಣ್ಣೆಯಿಲ್ಲ.

ಮಗಳಿಗೆ, ಮೊಮ್ಮಕ್ಕಳಿಗೆ ನನ್ನ ವಂದನೆಯ ಚಪ್ಪಾಳೆ. ನಿನ್ನ ಪಾದದ ಬಳಿ ನಾನು ಮಂಡಿಯೂರಿದ್ದೇನೆ ಎಂದು ತಿಳಿ.

ನಿನ್ನ ತಮ್ಮ,
ಡಾಮಿಯಾನೊ

ಮರೆತದ್ದು: ಕಾಣದೆಯೇ ಬರೆಯುತ್ತಿದ್ದೇನೆ, ಸಾಲು ಸೊಟ್ಟಗಿದ್ದರೆ ಓದಿಕೋ. ಇಂಗ್ಲಿಷ್ ಬರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಈ ಮನೆಯಲ್ಲ ಎನ್ನುವುದಕ್ಕೆ ಯಾವ ಕಾಲೇಜು ಬೇಕು? ಕೈತಪ್ಪಿಯೂ ಆಗಲಿಲ್ಲ. ಹೆಗಲ ಮೇಲೆ ಆ ಭಾರ ಬಿದ್ದಾಗ, ಆ ಅಂಗಳಕ್ಕೆ ಹೋದರೆ ಒಳಗೆ ಜೆಲಿಪಾ ಇರುತ್ತಾಳೆ ಎನ್ನಿಸಿತು. ಅತ್ತೆ ಚಪ್ಪಾಳೆ ತಟ್ಟುವವರೆಗೂ ಅವಳು ಅಲ್ಲಿದ್ದಳು. ಟಿಸೌಕೆಯನ್ನು ನಾನು ಬಯಸಲಿಲ್ಲ, ಅವಳ ಅಕ್ಕನನ್ನು ಇನ್ನೊಮ್ಮೆ ಬಯಸಿದೆ. ಪಂಚಾಯಿತಿಯಲ್ಲಿ ಯೊಟಾಮು ನನ್ನನ್ನೇ ಕೇಳುತ್ತಾನೆ, ತೊಡೆಯನ್ನು ಮನಸ್ಸಿಟ್ಟು ತಂದೆಯೋ ಮರೆತು ತಂದೆಯೋ ಎಂದು. ಸತ್ತವಳ ಹೆಸರೆತ್ತಿ ಕೇಳಿದರೆ ನನ್ನಿಂದ ಸುಳ್ಳು ಹೇಳಲಾಗುವುದಿಲ್ಲ. ನಿಜ ಹೇಳಿದರೆ ಆ ಹುಡುಗಿಯ ಬಾಳು ಮುಗಿಯಿತು. ಅವನು ನನ್ನ ಕಡೆ ತಿರುಗುವ ಮೊದಲೇ, ಅಕ್ಕ, ಮರೆತು ತಂದ ಎಂದು ನೀನು ಹೇಳಿಬಿಡು.