ಪೆನ್ಸಿಲ್ಲಿನ ಮೂರು ಮತಗಳು

ವಿಶ್ವವಿದ್ಯಾಲಯದ ಮಾನ್ಯ ಕುಲಸಚಿವರೇ,

ಹೋದ ಬುಧವಾರ ನಮ್ಮ ನೌಕರರ ಸಂಘದ ಸದಸ್ಯರು ಹೊಸ ಸೇವಾ ಒಪ್ಪಂದದ ಮೇಲೆ ಮತ ಹಾಕಿದರು. ಒಪ್ಪಿಗೆ ನಾನೂರ ಹನ್ನೆರಡು, ವಿರೋಧ ನಾನೂರ ಹತ್ತು, ಅಸಿಂಧು ಮೂರು. ಎರಡು ಮತಗಳ ಅಂತರದಿಂದ ಒಪ್ಪಂದ ಗೆದ್ದಿತೆಂದು ನೀವು ಪ್ರಕಟಣೆ ಹೊರಡಿಸಿದಿರಿ, ನೌಕರರ ‘ಪ್ರಬುದ್ಧ ತೀರ್ಮಾನ’ಕ್ಕೆ ಧನ್ಯವಾದವನ್ನೂ ಹೇಳಿದಿರಿ. ಆ ಮೂರು ಅಸಿಂಧು ಮತಗಳೂ ವಿರೋಧದವು. ಮೂರೂ ಪ್ರಾಣಿಶಾಸ್ತ್ರ ವಿಭಾಗದ ಸಂಗ್ರಹಾಲಯದ ಸಿಬ್ಬಂದಿಯವು. ಈ ಒಪ್ಪಂದದಿಂದ ಕೆಲಸ ಕಳೆದುಕೊಳ್ಳುವವರು ಇಡೀ ವಿಶ್ವವಿದ್ಯಾಲಯದಲ್ಲಿ ಆ ಮೂವರೇ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರೆಂಬ ಒಂದೇ ಕಾರಣಕ್ಕೆ ಅವರ ಮತಗಳು ಎಣಿಕೆಗೆ ಬರಲಿಲ್ಲ. ಅವನ್ನು ಎತ್ತಿ ಬದಿಗಿಟ್ಟ ಕೈ ನನ್ನದು. ಮೂವರಲ್ಲಿ ಒಬ್ಬಳು ನನ್ನ ಒಡಹುಟ್ಟಿದ ಅಕ್ಕ.

ನಾನು ಯಾರೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತೇನೆ, ಎಣಿಸುತ್ತೇನೆ, ನಿಯಮಕ್ಕೆ ಹೊರತಾದದ್ದನ್ನು ಬೇರೆ ಇಡುತ್ತೇನೆ. ಚಿತ್ರವೊಂದನ್ನು ಬಿಟ್ಟು ಏನನ್ನೇ ಪೆನ್ಸಿಲ್ಲಿನಲ್ಲಿ ಬರೆದಿದ್ದರೂ ನನ್ನ ಮಟ್ಟಿಗೆ ಅದು ಬರೆಯದೇ ಇದ್ದಂತೆ. ಎಣಿಕೆಗೆ ಸಂಘದವರು ನನ್ನನ್ನು ಆರಿಸಿದ್ದೂ ಈ ಶಿಸ್ತು ನೋಡಿಯೇ. ಮತದಾನದ ನಿಯಮ ರೂಪಿಸುವಾಗ ನಿಮ್ಮ ಕಚೇರಿಯವರು ಹೆಚ್ಚು ತಲೆ ಕೆಡಿಸಿಕೊಳ್ಳದೆ ನಮ್ಮ ಪರೀಕ್ಷಾ ಕೈಪಿಡಿಯ ಒಂದು ಪುಟ ಕೇಳಿದರು. ನಾನೇ ನಕಲು ತೆಗೆದುಕೊಟ್ಟೆ. ‘ವಿದ್ಯಾರ್ಥಿ’ ಇದ್ದಲ್ಲಿ ‘ಮತದಾರ’ ಬಂದ, ‘ಉತ್ತರಪತ್ರಿಕೆ’ ಇದ್ದಲ್ಲಿ ‘ಮತಪತ್ರ’ ಬಂತು, ಪೆನ್ಸಿಲ್ಲಿನ ನಿಷೇಧ ಮಾತ್ರ ಇದ್ದಲ್ಲೇ ಉಳಿಯಿತು. ನಿಯಮಗಳನ್ನೆಲ್ಲ ಜಾಲತಾಣದಲ್ಲಿ ಹಾಕಿ ಸರ್ವರಿಗೂ ತಿಳಿಸಲಾಗಿದೆ ಎಂದಿರಿ. ಸಂಗ್ರಹಾಲಯದಲ್ಲಿದ್ದ ಒಂದೇ ಒಂದು ಕಂಪ್ಯೂಟರನ್ನು ಎರಡು ವರ್ಷದ ಹಿಂದೆ ಅತಿಥಿಗೃಹದ ಮುಂಬಾಗಿಲ ಮೇಜಿಗೆ ಹೊತ್ತೊಯ್ದವರೂ ನಿಮ್ಮವರೇ. ಇನ್ನು ನಿಮ್ಮ ನಿಯಮ ಆ ಮೂವರ ಬಳಿಗೆ ಹೇಗೆ ಹೋಗಬೇಕಿತ್ತು, ನಡೆದುಕೊಂಡೇ?

ಒಪ್ಪಂದ ಅರವತ್ತೆರಡು ಪುಟ. ಅದರಲ್ಲಿ ಒಳ್ಳೆಯದೇನೂ ಇಲ್ಲವೆಂದರೆ ಸುಳ್ಳು ಹೇಳಿದಂತಾಗುತ್ತದೆ. ನಮ್ಮ ವಿಭಾಗದಲ್ಲಿ ವರ್ಷಗಟ್ಟಲೆ ತಾತ್ಕಾಲಿಕವಾಗಿ ದುಡಿಯುತ್ತಿರುವ ಆರು ಹೆಣ್ಣುಮಕ್ಕಳು ಇದರಿಂದ ಖಾಯಂ ಆಗುತ್ತಾರೆ. ಅವರ ಮುಖ ನೋಡಿಯೇ ನಾನೂ ಒಪ್ಪಿಗೆಯ ಕಡೆಗೆ ಗುರುತು ಹಾಕಿದೆ. ಮೂರನೆಯ ಅನುಬಂಧವನ್ನೂ ಓದಿದ್ದೆ. ‘ಹುದ್ದೆ ಸಂಖ್ಯೆ ೩೧ರಿಂದ ೩೩ರವರೆಗಿನವು ಕಾಲಾನುಗುಣ ಮರುಹೊಂದಾಣಿಕೆಯ ಭಾಗವಾಗಿ ಕೊನೆಗೊಳ್ಳತಕ್ಕವು’ ಎಂದಿತ್ತು. ಖಾಲಿ ಬಿದ್ದ ಹುದ್ದೆಗಳಿರಬೇಕು ಅಂದುಕೊಂಡು ಪುಟ ತಿರುಗಿಸಿದೆ. ಮೂವತ್ತೊಂದು ಅಂದರೆ ನಮ್ಮಕ್ಕ ಎಂದು ನನಗೆ ಹೇಗೆ ಗೊತ್ತಾಗಬೇಕು? ಅವಳಿಗೆ ಗೊತ್ತಿತ್ತು. ಸಂಬಳದ ಚೀಟಿಯ ಮೂಲೆಯಲ್ಲಿ ಆ ಅಂಕಿ ಮೂವತ್ತನಾಲ್ಕು ವರ್ಷಗಳಿಂದ ಅವಳ ಕಣ್ಣಿಗೆ ಬೀಳುತ್ತಲೇ ಇದೆ. ಇನ್ನು ನಾಲ್ಕು ವರ್ಷಕ್ಕೆ ನಿವೃತ್ತಿಯಾಗುವ ಹೆಂಗಸನ್ನು ಮನೆಗೆ ಕಳಿಸುವುದನ್ನು ಇಷ್ಟು ಸಭ್ಯವಾಗಿ ಬರೆದ ಆ ಮಹನೀಯರ ಹುದ್ದೆ ಸಂಖ್ಯೆ ಎಷ್ಟು, ತಿಳಿಸುತ್ತೀರಾ?

ಎಣಿಕೆ ನಡೆದದ್ದು ನಮ್ಮದೇ ಮೌಲ್ಯಮಾಪನ ಕೊಠಡಿಯಲ್ಲಿ. ಮಧ್ಯಾಹ್ನದ ಹೊತ್ತು, ಉದ್ದನೆಯ ಮೇಜು, ಮೂರು ಟ್ರೇ, ಎದುರಿಗೆ ನಿಮ್ಮ ಪ್ರತಿನಿಧಿ. ಮುನ್ನೂರು ಮತಪತ್ರ ದಾಟಿದ ಮೇಲೆ ಒಂದು ಕೈಗೆ ಬಂತು. ವಿರೋಧದ ಚೌಕದೊಳಗೆ ಪುಟ್ಟದೊಂದು ಅಡ್ಡಗುರುತು. ಎರಡು ಗೆರೆಗಳೂ ಕೂದಲೆಳೆಯಷ್ಟು ಸಣ್ಣ, ಚೌಕದ ಅಂಚಿಗೆ ಎಲ್ಲೂ ತಾಕಿಲ್ಲ. ಬ್ಲೇಡಿನಿಂದ ಹೆರೆದು, ಉಪ್ಪುಕಾಗದಕ್ಕೆ ತಿಕ್ಕಿ ಮೊನೆ ಮಾಡಿದ ಪೆನ್ಸಿಲ್ಲಿನಿಂದ ಮಾತ್ರ ಅಂಥ ಗೆರೆ ಬರುತ್ತದೆ. ಶಾಲೆಗೆ ಹೋಗುವ ಮುಂಚೆ ನನ್ನ ಪೆನ್ಸಿಲ್ಲುಗಳನ್ನು ದಿನಾ ಹಾಗೆ ಮೊನೆ ಮಾಡಿ ಚೀಲದಲ್ಲಿಡುತ್ತಿದ್ದವಳು ಅಕ್ಕ. ನೋಡಿದ ತಕ್ಷಣ ನನಗೆ ಗೊತ್ತಾಯಿತು. ನಾನು ತಡೆದದ್ದನ್ನು ಕಂಡು ನಿಮ್ಮ ಪ್ರತಿನಿಧಿ ಬಗ್ಗಿ ನೋಡಿದರು.

“ಪೆನ್ಸಿಲ್ಲಾ ಇದು?”

“ಹೌದು ಸಾರ್.”

“ನಿಮ್ಮ ಪರೀಕ್ಷೇಲಿ ಇಂಥದ್ದು ಬಂದ್ರೆ ಏನ್ ಮಾಡ್ತೀರಿ?”

“ಬದಿಗಿಡ್ತೀವಿ.”

“ಮತ್ತೆ ಇಡಿ.”

ಇಟ್ಟೆ. ‘ಅಸಿಂಧು’ ಎಂದು ಗಟ್ಟಿಯಾಗಿ ಕೂಗಿದೆ. ಆಮೇಲೆ ಇನ್ನೂ ಎರಡು ಬಂದವು, ಅದೇ ಮೊನೆಯ ಗೆರೆಗಳು. ಅವಕ್ಕೂ ಕೂಗಿದೆ. ದನಿ ನಡುಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಮಕ್ಕಳ ಉತ್ತರಗಳನ್ನು ಹೀಗೆ ಬದಿಗಿಟ್ಟಿದ್ದೇನೆ, ಕೈಗೆ ಅಭ್ಯಾಸವಾಗಿದೆ. ಕೊನೆಯ ಟ್ರೇ ಎಣಿಸಿ ಮುಗಿದಾಗ ಅಂತರ ಎರಡು ಎಂದು ಕಂಡಿತು. ಆದರೂ ಹಾಳೆಯ ಕೊನೆಯಲ್ಲಿ ಸಹಿ ಹಾಕಿದೆ. ಮೂರು ಮತಪತ್ರಗಳು ಅರಗಿನ ಮುದ್ರೆಯ ಲಕೋಟೆಯಲ್ಲಿ ನಿಮ್ಮ ಬೀರುವಿಗೆ ಹೋದವು.

ಮರುದಿನ ಬೆಳಿಗ್ಗೆ ಹುದ್ದೆಗಳ ಪಟ್ಟಿ ನೋಡಿ ಮೂವತ್ತೊಂದು ಯಾರೆಂದು ತಿಳಿದ ಮೇಲೆ, ಊಟದ ಬಿಡುವಿನಲ್ಲಿ ಸಂಗ್ರಹಾಲಯಕ್ಕೆ ಹೋದೆ. ನೀವು ಅಲ್ಲಿಗೆ ಒಮ್ಮೆಯೂ ಹೋಗಿಲ್ಲವೆಂದು ಸಂದರ್ಶಕರ ಪುಸ್ತಕ ಹೇಳುತ್ತದೆ, ಹಾಗಾಗಿ ತಿಳಿಸುತ್ತೇನೆ. ನೆಲಮಾಳಿಗೆ, ಒಂದೇ ಕಿಟಕಿ, ಗೋಡೆಯುದ್ದಕ್ಕೂ ಕಪಾಟು. ಎರಡು ಸಾವಿರಕ್ಕೂ ಹೆಚ್ಚು ಗಾಜಿನ ಜಾಡಿಗಳಲ್ಲಿ ಕಪ್ಪೆ, ಹಾವು, ಮೀನು, ಬಾವಲಿ, ಎಲ್ಲವೂ ಸ್ಪಿರಿಟ್ಟಿನಲ್ಲಿ ಮುಳುಗಿವೆ. ಪ್ರತಿ ಜಾಡಿಯ ಒಳಗೆ, ಆ ಸ್ಪಿರಿಟ್ಟಿನಲ್ಲೇ, ಒಂದು ಚೀಟಿ: ಯಾವ ಪ್ರಾಣಿ, ಎಲ್ಲಿ ಸಿಕ್ಕಿತು, ಯಾವಾಗ, ಯಾರಿಗೆ. ಚೀಟಿ ಪೆನ್ಸಿಲ್ಲಿನಲ್ಲೇ ಇರಬೇಕು. ಸಾಮಾನ್ಯ ಶಾಯಿ ಸ್ಪಿರಿಟ್ಟಿನಲ್ಲಿ ಬಿಟ್ಟುಕೊಳ್ಳುತ್ತದೆ, ಪೆನ್ಸಿಲ್ಲು ಬಿಡುವುದಿಲ್ಲ. ಅರವತ್ತು ವರ್ಷದ ಹಿಂದಿನ ಚೀಟಿಯನ್ನೂ ಇವತ್ತು ಓದಬಹುದು. ಹನ್ನೊಂದು ವರ್ಷದ ಹಿಂದೆ ನಿಮ್ಮ ಕುರ್ಚಿಯಲ್ಲಿದ್ದವರಿಗೆ ಈ ಚೀಟಿಗಳು ಬಡತನದ ಲಕ್ಷಣವಾಗಿ ಕಂಡವು. ನೀಲಿ ಶಾಯಿಯಲ್ಲಿ ಅಂದವಾಗಿ ಮುದ್ರಿಸಿದ ಚೀಟಿ ಹಾಕಿಸಿ ಎಂದು ಆಜ್ಞೆಯಾಯಿತು. ಅಕ್ಕ ಬೇಡವೆಂದಳು, ಅವಳ ಮಾತಿಗೆ ಯಾರು ಸೊಪ್ಪು ಹಾಕುತ್ತಾರೆ? ಏಳು ತಿಂಗಳಲ್ಲಿ ನೂರ ಎಂಬತ್ತು ಜಾಡಿಗಳ ಸ್ಪಿರಿಟ್ಟು ನೀಲಿಯಾಯಿತು, ಚೀಟಿಗಳು ಬೆಳ್ಳಗಾದವು. ಒಳಗಿರುವ ಪ್ರಾಣಿ ಯಾವುದೆಂದು ಪ್ರಾಧ್ಯಾಪಕರಿಗೂ ತಿಳಿಯದಾಯಿತು. ಹಳೆಯ ದಾಖಲೆ ಪುಸ್ತಕ ಮುಂದಿಟ್ಟುಕೊಂಡು ನೂರ ಎಂಬತ್ತನ್ನೂ ಪೆನ್ಸಿಲ್ಲಿನಲ್ಲಿ ಮತ್ತೆ ಬರೆದವಳು ಹುದ್ದೆ ಸಂಖ್ಯೆ ಮೂವತ್ತೊಂದು. ಅದಕ್ಕೆ ಯಾರೂ ಧನ್ಯವಾದದ ಪ್ರಕಟಣೆ ಹೊರಡಿಸಲಿಲ್ಲ.

ನಾನು ಹೋದಾಗ ಅವಳು ಜಾಡಿಗಳಿಗೆ ಸ್ಪಿರಿಟ್ಟು ತುಂಬುತ್ತಿದ್ದಳು. ಉಳಿದಿಬ್ಬರೂ ಅಲ್ಲೇ ಇದ್ದರು. ಎಲ್ಲರೂ ‘ದೊಡ್ಡಪ್ಪ’ ಎಂದು ಕರೆಯುವ ಹಿರಿಯರು ಕಪಾಟಿನ ಗಾಜು ಒರೆಸುತ್ತಿದ್ದರು, ಆರು ವರ್ಷದ ಹಿಂದೆ ಸೇರಿದ ಸಹಾಯಕಿ ಮೂಲೆಯಲ್ಲಿ ತಲೆ ತಗ್ಗಿಸಿ ಚೀಟಿ ಕತ್ತರಿಸುತ್ತಿದ್ದಳು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಅಕ್ಕ, ನಿಮ್ಮ ಮತಗಟ್ಟೇಲಿ ಪೆನ್ನು ಇರ್ಲಿಲ್ವಾ?” ಎಂದೆ.

“ಇತ್ತು ಕಣೋ. ದಾರ ಕಟ್ಟಿ ಇಟ್ಟಿದ್ರು.”

“ಮತ್ಯಾಕೆ ಹಿಂಗ್ ಮಾಡ್ದೆ?”

ಅವಳು ಜಾಡಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. “ಇಷ್ಟು ವರ್ಷದಲ್ಲಿ ಒಂದೇ ಒಂದ್ಸಲ ನನ್ನ ಕೆಲಸದ ಬಗ್ಗೆ ನನ್ನನ್ನೇ ಕೇಳಿದ್ದು. ಇದು ಅಳಿಸಿ ಹೋಗ್ಬಾರ್ದು ಅನ್ನಿಸ್ತು. ಅದಕ್ಕೇ ನನ್ನ ಪೆನ್ಸಿಲ್ ತಗೊಂಡೆ. ಇವರಿಬ್ರಿಗೂ ಅದನ್ನೇ ಕೊಟ್ಟೆ.”

ಅದನ್ನು ಕೇಳಿ ನನಗೆ ಅಳು ಬಂತು. ಐವತ್ತೆರಡು ವರ್ಷದ ಗಂಡಸು, ಹಾವಿನ ಜಾಡಿಗಳ ಮುಂದೆ ನಿಂತು ಅತ್ತೆ ಎಂದು ಪತ್ರದಲ್ಲಿ ಬರೆದುಕೊಳ್ಳಲು ನಾಚಿಕೆಯಿಲ್ಲ. ಮೂವತ್ತೊಂದು ನಿನ್ನದು ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಿನ್ನ ಸೆಕ್ಷನ್ ಹುಡುಗೀರು ಖಾಯಂ ಆಗ್ತಾರಲ್ಲ. ಹೇಳಿದ್ದಿದ್ರೆ ನಿಂಗೆ ಅಲ್ಲೂ ಇರೋಕಾಗ್ತಿರ್ಲಿಲ್ಲ, ಇಲ್ಲೂ ಇರೋಕಾಗ್ತಿರ್ಲಿಲ್ಲ.” ಆಮೇಲೆ ಕೇಳಿದಳು: “ಕೈಗೆ ಬಂದಾಗ ನಂದೇ ಅಂತ ಗೊತ್ತಾಯ್ತಾ?”

ಗೊತ್ತಾಯಿತು ಎಂದೆ. ಗೊತ್ತಿದ್ದೂ ಕೂಗಿದೆ ಎಂದೆ.

“ಯಾರೋ ಒಬ್ರಾದ್ರೂ ಓದಿದ್ರಲ್ಲ, ಸಾಕು ಬಿಡು,” ಎಂದು ಅವಳು ಮುಂದಿನ ಜಾಡಿ ಎಳೆದುಕೊಂಡಳು.

ನನಗೆ ಸಾಲದು, ಮಾನ್ಯರೇ. ನಿಮ್ಮ ನಿಯಮಾವಳಿಯ ಕೊನೆಯ ಸಾಲು ನನಗೆ ಬಾಯಿಪಾಠವಾಗಿದೆ, ನಕಲು ತೆಗೆದವನು ನಾನೇ ಅಲ್ಲವೇ: ‘ಸಂದೇಹವಿದ್ದಲ್ಲಿ ಕುಲಸಚಿವರ ತೀರ್ಮಾನವೇ ಅಂತಿಮ.’ ಒಪ್ಪಂದಕ್ಕೆ ನೀವು ಸಹಿ ಹಾಕುವುದು ಸೋಮವಾರ. ಅದಕ್ಕೆ ಮುಂಚೆ ಆ ಲಕೋಟೆ ಒಡೆಯಿರಿ. ಮೂರು ಮತಪತ್ರಗಳನ್ನೂ ಕಿಟಕಿಯ ಬಳಿ ಹಿಡಿದು, ಮತದಾರರ ಮನಸ್ಸಿನಲ್ಲಿ ಏನಿತ್ತೆಂಬ ಬಗ್ಗೆ ನಿಮಗೆ ಎಳ್ಳಷ್ಟಾದರೂ ಸಂದೇಹ ಬರುತ್ತದೆಯೇ ನೋಡಿ. ಬರದಿದ್ದರೆ ಎಣಿಸಿ. ಎಣಿಸಿದರೆ ಒಪ್ಪಂದ ಒಂದು ಮತದಿಂದ ಬೀಳುತ್ತದೆ, ಮತ್ತೆ ಮಾತುಕತೆಗೆ ಕೂರಬೇಕಾಗುತ್ತದೆ. ನನ್ನ ವಿಭಾಗದ ಆರು ಹೆಣ್ಣುಮಕ್ಕಳು ಇನ್ನೂ ಕೆಲವು ತಿಂಗಳು ಕಾಯಬೇಕಾಗುತ್ತದೆ. ಅವರಿಗೆ ಈ ಪತ್ರವನ್ನು ಮೊದಲೇ ಓದಿ ಹೇಳಿದ್ದೇನೆ. ಇಬ್ಬರು ನನ್ನೊಡನೆ ಮಾತು ಬಿಟ್ಟಿದ್ದಾರೆ, ಅವರ ಸಿಟ್ಟು ನ್ಯಾಯವಾದದ್ದೇ. ಅವರಿಗೂ ನೌಕರಿ ಸಿಗಲಿ, ಅಕ್ಕನ ನೌಕರಿಯೂ ಉಳಿಯಲಿ ಎಂದು ಕೇಳುವುದು ದುರಾಸೆಯೇ?

ಈ ಪತ್ರವನ್ನು ಶನಿವಾರವೇ ನಿಮ್ಮ ಆವಕ ವಿಭಾಗಕ್ಕೆ ಕೊಟ್ಟಿದ್ದೆ. ಮೊದಲ ಪುಟ ನೋಡಿ, ಪೆನ್ಸಿಲ್ಲಿನಲ್ಲಿರುವುದಕ್ಕೆ ಮುದ್ರೆ ಒತ್ತಲಾಗದು ಎಂದು ವಾಪಸು ಮಾಡಿದರು. ಅದಕ್ಕಾಗಿ ಪತ್ರಿಕೆಯ ಮೂಲಕ ಕಳಿಸುತ್ತಿದ್ದೇನೆ. ಮೂಲ ಪ್ರತಿ ಸಂಗ್ರಹಾಲಯದಲ್ಲಿದೆ. ಅಕ್ಕ ಅದನ್ನು ಒಂದು ಖಾಲಿ ಜಾಡಿಯಲ್ಲಿಟ್ಟು, ಸ್ಪಿರಿಟ್ಟು ತುಂಬಿ, ಕಿಟಕಿಯ ಪಕ್ಕದ ಕಪಾಟಿನಲ್ಲಿ ಇರಿಸಿದ್ದಾಳೆ. ನೀವು ಯಾವಾಗ ಬಂದರೂ ಓದಬಹುದು.

ಇಂತಿ,
ಅಕ್ಕನ ಗೆರೆಯನ್ನು ಗುರುತಿಸಿಯೂ ಬದಿಗಿಟ್ಟ,
ಪರೀಕ್ಷಾ ವಿಭಾಗದ ಶಿಸ್ತಿನ ಗುಮಾಸ್ತ